ಮೋಆಬ್ ಬಂಡೆ ಹತ್ತುವ ಮೊದಲು: ಪುಣೆಯ ಎಂಟಿಬಿ (ಮೌಂಟನ್ ಬೈಕ್) ಗೆಳೆಯರಿಗೆ

ವೇತಾಳ ಟೇಕ್ಡಿ, ಬೋಪದೇವ ಘಾಟು, ಕಾನಿಫನಾಥದ ಇಳಿಜಾರುಗಳಲ್ಲಿ ಸೈಕಲ್ ಓಡಿಸಿ ಪಳಗಿದವರ ಮೈಗೆ ಒಂದು ಲೆಕ್ಕ ಹತ್ತಿರುತ್ತದೆ. ಏರು ಕಡಿದಾದರೆ ಸಡಿಲ ಮುರುಮಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ, ಇಳಿದು ನೂಕಬೇಕು. ಇಳಿಜಾರಿನಲ್ಲಿ ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದರೆ ಚಕ್ರ ಕೈಬಿಟ್ಟು ಜಾರುತ್ತದೆ, ಹಿಂದಿನದನ್ನೇ ನೆಚ್ಚಿಕೊಳ್ಳಬೇಕು. ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೆ ಹೋಗುವವರು ಈ ಲೆಕ್ಕವನ್ನು ಪುಣೆಯಲ್ಲೇ ಬಿಟ್ಟು ಹೋಗಬೇಕು. ಅಲ್ಲಿನ ಒಣ ಮರಳುಗಲ್ಲು ಟೈರನ್ನು ಉಪ್ಪುಕಾಗದದಂತೆ ಹಿಡಿಯುತ್ತದೆ. ಏರಿನಲ್ಲಿ ಚಕ್ರ ಜಾರುವ ಮೊದಲೇ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ, ಇಲ್ಲವೇ ತೊಡೆ ಸೋಲುತ್ತದೆ. ಅಲ್ಲಿ ಸವಾರನನ್ನು ಕೆಡವುವುದು ಹಿಡಿತದ ಕೊರತೆಯಲ್ಲ, ಇಳಿಜಾರು ಥಟ್ಟನೆ ಬದಲಾಗುವ ಜಾಗಗಳು. ಟೈರಿನ ಗಾಳಿಯಿಂದ ಹಿಡಿದು ದಿನಗಳ ಜೋಡಣೆಯವರೆಗೆ ಇಡೀ ತಯಾರಿ ಈ ಒಂದು ಮಾತಿನ ಸುತ್ತಲೇ ಇರಲಿ.

ಕಾರಣ ಕಲ್ಲಿನ ಹುಟ್ಟಿನಲ್ಲಿದೆ. ನಮ್ಮ ಸಹ್ಯಾದ್ರಿಯ ಕರಿಗಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಆದದ್ದು. ಅದಕ್ಕೇ ಇಲ್ಲಿನ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿವೆ, ಮೇಲೆ ಸವೆದ ಮುರುಮು ಕೂತಿದೆ. ಮೋಆಬ್‌ನ ನವಾಹೋ ಮರಳುಗಲ್ಲು ಸುಮಾರು 19 ಕೋಟಿ ವರ್ಷದ ಹಿಂದಿನ ಮರುಭೂಮಿಯ ಮರಳ ದಿಬ್ಬಗಳು ಹಾಗೆಯೇ ಗಟ್ಟಿಯಾಗಿ ಆದದ್ದು. ಬಯಲು ಬಂಡೆ, ಮೇಲೆ ಮಣ್ಣಿಲ್ಲ, ಸಮತಟ್ಟು ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದು ಗುಮ್ಮಟ ಇಳಿದರೆ ಒಂದು ಬೋಗುಣಿ, ಬೋಗುಣಿಯಿಂದ ನೇರ ಮುಂದಿನ ಗುಮ್ಮಟ. ಬೋಗುಣಿಯ ತಳದಲ್ಲಿ ಮಾತ್ರ ಗಾಳಿ ತಂದು ಸುರಿದ ಸಡಿಲ ಮರಳು.

ಹೋಗುವ ಕಾಲ ಎರಡೇ: ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ. ಬೇಸಿಗೆಯಲ್ಲಿ ಮಧ್ಯಾಹ್ನ 38 ಡಿಗ್ರಿ ದಾಟುವುದು ಸಾಮಾನ್ಯ, ನೆರಳಿಲ್ಲದ ಬಂಡೆ ಕೆಳಗಿನಿಂದಲೂ ಸುಡುತ್ತದೆ. ಜುಲೈ-ಆಗಸ್ಟ್‌ನಲ್ಲಿ ಸಂಜೆಯ ಗುಡುಗು ಮಳೆ ಬರುತ್ತದೆ. ಒಣ ಹಳ್ಳ ನಿಮಿಷಗಳಲ್ಲಿ ತುಂಬಿ ಹರಿಯುತ್ತದೆ, ಬಯಲು ಬಂಡೆಯ ಮೇಲೆ ಸಿಡಿಲಿಗೆ ಮರೆ ಇಲ್ಲ. ವಸಂತದಲ್ಲಿ ಹೋಗುವವರು ಈಸ್ಟರ್ ಭಾನುವಾರದ ಹಿಂದಿನ ವಾರವನ್ನು ತಪ್ಪಿಸಿ. ಈಸ್ಟರ್ ಜೀಪ್ ಸಫಾರಿಗೆ ಜನ ಮುಗಿಬೀಳುತ್ತಾರೆ, ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ನಮ್ಮ ಆಯ್ಕೆ ಅಕ್ಟೋಬರ್. ಪುಣೆಯಲ್ಲಿ ಮಳೆ ಮುಗಿಯುವ ಹೊತ್ತಿಗೆ ಹೊರಡಬಹುದು, ಮೋಆಬ್ ಪಕ್ಕದ ಲಾ ಸಾಲ್ ಬೆಟ್ಟದ ಮೇಲಿನ ದಾರಿಗಳೂ ಹಿಮ ಬೀಳುವ ಮುನ್ನ ಇನ್ನೂ ತೆರೆದಿರುವ ಸಾಧ್ಯತೆ ಇರುತ್ತದೆ.

ವೀಸಾ ಕೈಗೆ ಬರುವವರೆಗೆ ಟಿಕೆಟ್ಟಿಗೆ ದುಡ್ಡು ಕಟ್ಟಬೇಡಿ. ಪುಣೆಯವರಿಗೆ ಸಂದರ್ಶನ ಮುಂಬೈನ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಕಾನ್ಸುಲೇಟಿನಲ್ಲಿ, ಕಾಯುವ ಅವಧಿ ತಿಂಗಳುಗಟ್ಟಲೆ ಎಳೆಯಬಹುದು. ವಿಮಾನಕ್ಕೆ ಸಾಲ್ಟ್ ಲೇಕ್ ಸಿಟಿ ಅನುಕೂಲ. ಅಲ್ಲಿಂದ ಮೋಆಬ್ ಸುಮಾರು 375 ಕಿ.ಮೀ., ಕಾರಿನಲ್ಲಿ ನಾಲ್ಕು ತಾಸು. ಕೊಲರಾಡೊದ ಗ್ರ್ಯಾಂಡ್ ಜಂಕ್ಷನ್ ಇನ್ನೂ ಹತ್ತಿರ, ಎರಡು ತಾಸಿನೊಳಗೆ, ಆದರೆ ವಿಮಾನಗಳು ಕಡಿಮೆ. ಸಮಯದ ಅಂತರ ಹನ್ನೊಂದೂವರೆ ತಾಸು, ಚಳಿಗಾಲದ ಗಡಿಯಾರಕ್ಕೆ ಹನ್ನೆರಡೂವರೆ. ಅಂದರೆ ಹಗಲು-ರಾತ್ರಿ ಪೂರ್ತಿ ತಿರುವುಮುರುವು. ನಿದ್ದೆ ಕೆಟ್ಟ ಮೈಯಲ್ಲಿ ಮೊದಲ ದಿನವೇ ಕಡಿದಾದ ಬಂಡೆಗೆ ಹೋಗುವುದು ಅಪಾಯ.

ಸೈಕಲ್ ಇಲ್ಲಿಂದ ಒಯ್ಯಬೇಕೇ, ಅಲ್ಲಿ ಬಾಡಿಗೆಗೆ ಹಿಡಿಯಬೇಕೇ? ಬಾಡಿಗೆಗೇ ನಮ್ಮ ಮತ. ಇಲ್ಲಿ ಹೆಚ್ಚಿನವರ ಬಳಿ ಇರುವುದು 100 ಅಥವಾ 120 ಮಿ.ಮೀ. ಫೋರ್ಕಿನ, ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್. ಅಭ್ಯಾಸಕ್ಕೆ ಅದು ಚೆನ್ನ. ಆದರೆ ಪೋರ್ಕುಪೈನ್ ರಿಮ್‌ನಂಥ ದಾರಿಯಲ್ಲಿ ಗಂಟೆಗಟ್ಟಲೆ ಚೂಪು ಅಂಚಿನ ಕಲ್ಲುಮೆಟ್ಟಿಲು ಇಳಿಯಲು ಹಿಂದೆ 140, ಮುಂದೆ 150-160 ಮಿ.ಮೀ. ಸಸ್ಪೆನ್ಷನ್ ಇದ್ದರೆ ಮಣಿಕಟ್ಟು, ಸೊಂಟ ಉಳಿಯುತ್ತವೆ. ಕಾಯ್ದಿರಿಸುವಾಗ ಎತ್ತರ, ಒಳಗಾಲಿನ ಅಳತೆ, ಚೀಲ ಮತ್ತು ನೀರು ಸೇರಿದ ತೂಕ ಮೂರನ್ನೂ ಬರೆದು ಕಳಿಸಿ. ಕೇಳಿ ತಿಳಿದುಕೊಳ್ಳಬೇಕಾದ್ದು: ಮುಂದಿನ ಬ್ರೇಕಿಗೆ 200 ಮಿ.ಮೀ. ರೋಟರ್ ಮತ್ತು ನಾಲ್ಕು ಪಿಸ್ಟನ್ ಕ್ಯಾಲಿಪರ್ ಇದೆಯೇ, ಡ್ರಾಪರ್ (ಓಡಿಸುತ್ತಲೇ ಸೀಟು ಇಳಿಸುವ ಕಂಬ) ಕನಿಷ್ಠ 150 ಮಿ.ಮೀ. ಇಳಿಯುತ್ತದೆಯೇ, ಪೆಡಲ್ ಬಳಿಯ ಚೈನ್‌ರಿಂಗ್ 30 ಹಲ್ಲಿನದೇ 32ರದೇ, ಹಿಂದಿನ ಕ್ಯಾಸೆಟ್ಟಿನ ದೊಡ್ಡ ಹಲ್ಲುಗಾಲಿ 50 ಹಲ್ಲಿನ ಮೇಲಿದೆಯೇ. ಹೆಲ್ಮೆಟ್, ಬೂಟು, ಮೊಣಕಾಲು ಪ್ಯಾಡ್, ಪೂರ್ತಿ ಬೆರಳಿನ ಗ್ಲೌಸ್, ನಿಮ್ಮ ಕಾಲಿಗೆ ಒಗ್ಗಿದ ಪೆಡಲ್ ಇಲ್ಲಿಂದಲೇ ಒಯ್ಯಿರಿ. ಮೊದಲ ಸಲಕ್ಕೆ ಬೂಟನ್ನು ಕಚ್ಚಿ ಹಿಡಿಯುವ ಕ್ಲಿಪ್‌ಲೆಸ್ ಪೆಡಲ್ ಬೇಡ, ಮೊಳೆಗಳಿರುವ ಅಗಲ ಫ್ಲ್ಯಾಟ್ ಪೆಡಲ್ ಸಾಕು. ಏರಿನ ನಡುವೆ ನಿಂತುಹೋದಾಗ ಕಾಲು ಕೂಡಲೇ ಕೆಳಗೆ ಬರಬೇಕು.

ಇನ್ನೊಂದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ಬ್ರೇಕ್ ಲಿವರ್. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು, ಮೋಟರ್‌ಸೈಕಲ್ಲಿನ ರೂಢಿಯೂ ಅದೇ. ಅಮೆರಿಕದ ಸೈಕಲ್ಲುಗಳಲ್ಲಿ ಎಡಗೈಯದು ಮುಂದಿನದು. ಸಪಾಟು ರಸ್ತೆಯಲ್ಲಿ ಇದು ದೊಡ್ಡ ವಿಷಯವಲ್ಲ. ಗುಮ್ಮಟದ ತುದಿಯಿಂದ ಇಳಿಯುವಾಗ ಗಾಬರಿಯಲ್ಲಿ ಕೈ ಹಳೆಯ ರೂಢಿಗೇ ಓಡುತ್ತದೆ, ಹಿಂದಿನದೆಂದು ಹಿಡಿದದ್ದು ಮುಂದಿನದಾಗಿ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಕಾಯ್ದಿರಿಸುವಾಗಲೇ ಲಿವರುಗಳನ್ನು ಅದಲುಬದಲು ಮಾಡಿಕೊಡುವಿರಾ ಎಂದು ಕೇಳಿ. ಹೈಡ್ರಾಲಿಕ್ ಆದ್ದರಿಂದ ಹೋಸ್ ಬದಲಿಸಿದರೆ ಬ್ಲೀಡ್ ಮಾಡಬೇಕಾಗುತ್ತದೆ (ಒಳಸೇರಿದ ಗಾಳಿ ತೆಗೆಯಬೇಕಾಗುತ್ತದೆ), ಅಂಗಡಿಯವರಿಗೆ ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು. ಒಪ್ಪದಿದ್ದರೆ ಹೊರಡುವ ಎರಡು ತಿಂಗಳು ಮುಂಚೆ ಇಲ್ಲಿನ ನಿಮ್ಮ ಸೈಕಲ್ಲಿನಲ್ಲೇ ಎಡಗೈಗೆ ಮುಂದಿನ ಬ್ರೇಕು ಹಾಕಿಸಿಕೊಂಡು ಕೈ ಪಳಗಿಸಿ.

ಟೈರಿನ ವಿಷಯಕ್ಕೆ ಬರೋಣ. 2.4 ಅಥವಾ 2.5 ಇಂಚು ಅಗಲದ ಟ್ಯೂಬ್‌ಲೆಸ್ ಬೇಕು. ಪುಣೆಯ ಮುರುಮಿಗೆಂದು ನಾವು ಗಾಳಿ ಇಳಿಸುತ್ತೇವೆ. ಆ ರೂಢಿ ಅಲ್ಲಿ ರಿಮ್ ಒಡೆಯುತ್ತದೆ. ಹಿಡಿತ ಕಲ್ಲೇ ಕೊಡುವುದರಿಂದ ಗಾಳಿ ತೀರ ಇಳಿಸಿ ಸಿಗುವ ಲಾಭ ಏನೂ ಇಲ್ಲ. ಚೌಕ ಅಂಚಿನ ಮೆಟ್ಟಿಲಿಗೆ ಬಡಿದಾಗ ಟೈರು ಪೂರ್ತಿ ಕುಗ್ಗಿ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಸೀಳುತ್ತದೆ. ಸಾಮಾನು ಸೇರಿ 70 ಕಿಲೋ ಇರುವವರು ಮುಂದೆ 22-23, ಹಿಂದೆ 25-26 ಪಿಎಸ್‌ಐನಿಂದ ಶುರುಮಾಡಿ. 85 ಕಿಲೋದವರು ಮುಂದೆ 25, ಹಿಂದೆ 28. ಮರುಭೂಮಿಯಲ್ಲಿ ಬೆಳಗ್ಗೆ 5 ಡಿಗ್ರಿ ಇದ್ದು ಮಧ್ಯಾಹ್ನ 25 ಆಗುವುದುಂಟು. ಆ 20 ಡಿಗ್ರಿ ಏರಿಕೆಗೆ ಟೈರಿನೊಳಗೆ ಸುಮಾರು ಎರಡೂವರೆ ಪಿಎಸ್‌ಐ ತಾನಾಗಿ ಏರುತ್ತದೆ. ಬೆಳಗಿನ ಚಳಿಯಲ್ಲಿ ಅಳೆದದ್ದು ಮಧ್ಯಾಹ್ನಕ್ಕೆ ಗಟ್ಟಿಯೆನಿಸಿದರೆ ಗೇಜು ತೆಗೆದು ಮತ್ತೆ ನೋಡಿ.

ಸೀಲೆಂಟ್ (ತೂತನ್ನು ತಾನಾಗಿ ಮುಚ್ಚುವ ದ್ರವ) 29 ಇಂಚಿನ ಪ್ರತಿ ಟೈರಿಗೆ 100-120 ಮಿ.ಲೀ. ಒಣಹವೆಗೆ ಅದು ಬೇಗ ಒಣಗುತ್ತದೆ. ಬಾಡಿಗೆ ಸೈಕಲ್ಲನ್ನು ಕಿವಿಯ ಹತ್ತಿರ ಹಿಡಿದು ಚಕ್ರ ಅಲ್ಲಾಡಿಸಿ. ಒಳಗೆ ದ್ರವದ ಸದ್ದು ಕೇಳದಿದ್ದರೆ ಹಾಕಿಸಿಕೊಳ್ಳಿ. ಸೀಲೆಂಟ್ ಬೇಕೆನ್ನಲು ಇನ್ನೊಂದು ಕಾರಣ ನಮ್ಮ ಕಡೆಯ ಹೊಲಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳು. ಅದೇ ಗಿಡ ಅಲ್ಲಿಗೂ ಹೋಗಿ ಕಳೆಯಾಗಿ ಹಬ್ಬಿದೆ. ಬಂಡೆಯ ಮೇಲೆ ಅದು ಇರುವುದಿಲ್ಲ. ಊರಿನ ರಸ್ತೆ ಅಂಚು, ವಾಹನ ನಿಲ್ಲಿಸುವ ಜಾಗ, ಡೇರೆ ಹಾಕುವ ಬಯಲಲ್ಲಿ ಇರುತ್ತದೆ. ಚುಚ್ಚಿದ ಮುಳ್ಳನ್ನು ಕಂಡ ತಕ್ಷಣ ಕೀಳಬೇಡಿ, ಕೆಲವೊಮ್ಮೆ ತೂತು ಮುಚ್ಚಿಕೊಂಡಿರುವುದು ಅದೇ ಮುಳ್ಳು. ತೂತಿಗೆ ತುರುಕುವ ಪ್ಲಗ್, ಪಂಪು ಕೈಯಲ್ಲಿಟ್ಟುಕೊಂಡು ಕೀಳಿ, ಕಿತ್ತೊಡನೆ ಚಕ್ರ ತಿರುಗಿಸಿ ಸೀಲೆಂಟನ್ನು ಆ ಜಾಗಕ್ಕೆ ತನ್ನಿ.

ಸಸ್ಪೆನ್ಷನ್ನಿನಲ್ಲಿ ಸ್ಯಾಗ್ (ಸವಾರನ ಭಾರಕ್ಕೇ ಕುಗ್ಗುವ ಪಾಲು) ಹಿಂದೆ ಶೇ. 28-30, ಮುಂದೆ ಶೇ. 15-20. ಬೋಗುಣಿಯ ತಳದಲ್ಲಿ ಇಳಿದ ವೇಗ, ಮೈಭಾರ ಎರಡೂ ಒಮ್ಮೆಲೇ ಫೋರ್ಕಿನ ಮೇಲೆ ಬೀಳುತ್ತವೆ, ಅದು ಪೂರ್ತಿ ಕುಸಿಯುತ್ತದೆ. ಆ ಕುಸಿತ ತಡೆಯುವ ಲೋ-ಸ್ಪೀಡ್ ಕಂಪ್ರೆಷನ್ ತಿರುಪನ್ನು ಒಂದೆರಡು ಕ್ಲಿಕ್ ಬಿಗಿ ಮಾಡಿ. ಇಡೀ ಫೋರ್ಕಿಗೆ ಗಾಳಿ ತುಂಬಿ ಗಟ್ಟಿ ಮಾಡಿದರೆ ಸಣ್ಣ ಅಂಚುಗಳ ಮೇಲೆ ಕೈ ಜೋಮು ಹಿಡಿಯುತ್ತದೆ. ಶಾಕ್ ಪಂಪು ಚೀಲದಲ್ಲಿರಲಿ.

ಏರುವ ರೀತಿ ಹೀಗೆ. ಏರು ಶುರುವಾಗುವ ಎರಡು ಚಕ್ರದುದ್ದ ಮೊದಲೇ ಗೇರು ಬದಲಾಯಿಸಿ ಮುಗಿಸಿರಬೇಕು. ಏರಿನ ನಡುವೆ ಬಲ ಹಾಕುತ್ತ ಬದಲಿಸಿದರೆ ಚೈನು ಎಗರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಎಲ್ಲಕ್ಕಿಂತ ಹಗುರ ಗೇರಿಗೆ ಹೋಗಬೇಡಿ. ಒಂದು ಗೇರು ಭಾರದ್ದಿದ್ದರೆ ಮುಂದಿನ ಚಕ್ರ ಅಷ್ಟು ಬೇಗ ಮೇಲೇಳುವುದಿಲ್ಲ. ಸೀಟು ಎರಡು-ಮೂರು ಸೆಂ.ಮೀ. ಇಳಿಸಿ, ಅದರ ಮೂತಿಯ ಮೇಲೆ ಕೂತು, ಎದೆ ಹ್ಯಾಂಡಲ್ ಕಡೆ ಬಾಗಿಸಿ, ಮೊಣಕೈ ಕೆಳಕ್ಕೆ ಎಳೆಯಿರಿ. ನಿಂತು ತುಳಿದರೆ ಹಿಂದಿನ ಚಕ್ರದ ಭಾರ ಕಡಿಮೆಯಾಗಿ ಇಷ್ಟು ಹಿಡಿತದ ಕಲ್ಲಿನ ಮೇಲೂ ಅದು ಜಾರಬಹುದು. ಕಣ್ಣು ಏರು ಮುಗಿಯುವ ಜಾಗದಲ್ಲಿರಲಿ. ಇನ್ನಾಗದು ಎನಿಸಿದಾಗ ಮೇಲಿನ ಬದಿಯ ಕಾಲನ್ನು ಇಳಿಸಿ, ಎರಡೂ ಬ್ರೇಕು ಹಿಡಿದು ನಿಲ್ಲಿ. ಕೆಳಬದಿಯ ಕಾಲು ಹಾಕಿದರೆ ನೆಲ ಕಾಲಿಗೆ ಸಿಗುವುದೇ ಇಲ್ಲ. ಹಿಂದಕ್ಕೆ ಜಾರತೊಡಗಿದರೆ ಸೈಕಲ್ ಬಿಟ್ಟುಬಿಡಿ. ಬಾಡಿಗೆ ಸೈಕಲ್ಲಿಗೆ ಗೀರು ಬಿದ್ದರೆ ದುಡ್ಡು ಹೋಗುತ್ತದೆ, ಮಣಿಕಟ್ಟು ಮುರಿದರೆ ಪ್ರವಾಸವೇ ಮುಗಿಯುತ್ತದೆ.

ಇಳಿಯುವಾಗ ಸೀಟು ಪೂರ್ತಿ ಕೆಳಗೆ, ಭಾರವೆಲ್ಲ ಪೆಡಲಿನ ಮೇಲೆ, ಹಿಮ್ಮಡಿ ಇಳಿಬಿಟ್ಟು. ಮುಂದಿನ ಬ್ರೇಕನ್ನು ಧೈರ್ಯವಾಗಿ ಬಳಸಿ, ಕಲ್ಲು ತಡೆಯುತ್ತದೆ. ಆದರೆ ಬೋಗುಣಿಯ ತಳ ತಲುಪುವ ಮೊದಲೇ ಅದನ್ನು ಬಿಡಬೇಕು. ತಳದಲ್ಲಿ ಮುಂದಿನ ಚಕ್ರ ಎದುರಿನ ಏರಿಗೆ ಬಡಿದು ಫೋರ್ಕು ಕುಸಿಯುತ್ತದೆ. ಆ ಕ್ಷಣ ಬ್ರೇಕೂ ಹಿಡಿದಿದ್ದರೆ ಸೈಕಲ್ ಮುಂದಿನ ಚಕ್ರದ ಮೇಲೆ ಮಗುಚುತ್ತದೆ. ಮೋಆಬ್‌ನಲ್ಲಿ ಹ್ಯಾಂಡಲ್ ಮೇಲಿಂದ ಬೀಳುವವರಲ್ಲಿ ಬಹಳಷ್ಟು ಮಂದಿ ಬೀಳುವುದು ಇಳಿಜಾರಿನ ನಡುವೆ ಅಲ್ಲ, ಇಳಿಜಾರು ಮುಗಿಯುವಲ್ಲಿ. ಅಲ್ಲೇ ಮರಳೂ ಇರುತ್ತದೆ. ಮರಳು ಕಂಡರೆ ಹ್ಯಾಂಡಲ್ ನೇರ ಇಟ್ಟು, ಭಾರ ಸ್ವಲ್ಪ ಹಿಂದೆ ಸರಿಸಿ, ತುಳಿಯುತ್ತಲೇ ದಾಟಿ. ಅಡ್ಡ ಇಳಿಜಾರಿನಲ್ಲಿ ಸಾಗುವಾಗ ಮೇಲಿನ ಬದಿಯ ಪೆಡಲ್ ಮೇಲಿರಲಿ. ಇಲ್ಲವಾದರೆ ಪೆಡಲ್ ಬಂಡೆಗೆ ತಾಗಿ ಸೈಕಲ್ಲನ್ನು ಕೆಳಬದಿಗೆ ಒದೆಯುತ್ತದೆ.

ಇದನ್ನು ಪುಣೆಯಲ್ಲಿ ಕಲಿಯುವುದು ಹೇಗೆ? ಇಲ್ಲಿನ ಕಲ್ಲಿನ ಗುಣ ಬೇರೆ, ಹಿಡಿತ ಕಲಿಯಲು ಆಗದು. ಆದರೆ ಕಾಲು, ಸಮತೋಲನ ಎರಡನ್ನೂ ಇಲ್ಲೇ ತಯಾರು ಮಾಡಬಹುದು. ಹತ್ತರಿಂದ ಹನ್ನೆರಡು ವಾರ ಬೇಕು. ವಾರಕ್ಕೆ ಎರಡು ದಿನ ಬೋಪದೇವ ಘಾಟಿನ ಕಡಿದಾದ ತುಂಡಿನಲ್ಲಿ ಒಂದು ಮೆಟ್ಟಿಲು ಭಾರದ ಗೇರಿನಲ್ಲಿ, ಕೂತೇ, 60 ಸೆಕೆಂಡು ಪೂರ್ಣ ಬಲ ಹಾಕಿ ತುಳಿಯಿರಿ. ಮೂರು ನಿಮಿಷ ಬಿಡುವು. ಹೀಗೆ ಎಂಟು ಸಲ. ಮೋಆಬ್‌ನ ಸ್ಲಿಕ್‌ರಾಕ್ ಎಂಬ ಬಂಡೆದಾರಿಯ ಏರುಗಳೆಲ್ಲ ಇಷ್ಟೇ ಉದ್ದದವು, ಒಂದಾದ ಮೇಲೊಂದು. ಸಿಂಹಗಡದ ರಸ್ತೆಯ ಉದ್ದ ಏರು ಉಸಿರಿಗೆ ಒಳ್ಳೆಯದು, ಆದರೆ ಅದೊಂದನ್ನೇ ನೆಚ್ಚಿದರೆ ಈ ಜಗ್ಗುವ ಬಲ ಬರುವುದಿಲ್ಲ. ಮನೆಯ ವಾಹನ ನಿಲುಗಡೆಯಲ್ಲಿ ನಿಂತಲ್ಲೇ 30 ಸೆಕೆಂಡು ಕಾಲೂರದೆ ಸೈಕಲ್ ನಿಲ್ಲಿಸುವುದನ್ನು ಕಲಿಯಿರಿ; ಏರಿನಲ್ಲಿ ಉಸಿರು ತೆಗೆದುಕೊಳ್ಳಲು ಅದೇ ಆಸರೆ. ವೇತಾಳ ಟೇಕ್ಡಿಯಲ್ಲಿ ಬೆಳಗಿನ ನಡಿಗೆಯ ಹಿರಿಯರು ತುಂಬಾ ಇರುತ್ತಾರೆ. ವಾರದ ದಿನ ಹೋಗಿ, ಎದುರು ಬಂದರೆ ಇಳಿದು ದಾರಿ ಬಿಡಿ. ಮಳೆಗಾಲದಲ್ಲಿ ಪಾಚಿ ಹಿಡಿದ ಕರಿಗಲ್ಲಿನ ಮೇಲೆ ಅಭ್ಯಾಸ ಮಾಡಬೇಡಿ. ಅಲ್ಲಿ ಕಲಿಯುವ ಅಂಜಿಕೆ ಮೋಆಬ್‌ನಲ್ಲಿ ಅಡ್ಡ ಬರುತ್ತದೆ.

ವಿಜಯಪುರ, ಬಾಗಲಕೋಟೆ ಕಡೆ ಊರಿರುವವರು ರಜೆಗೆ ಹೋದಾಗ ಬಾದಾಮಿಯ ಮರಳುಗಲ್ಲಿನ ಇಳಿಜಾರಿನ ಮೇಲೆ ಬೂಟು ಹಾಕಿ ನಡೆದು ನೋಡಿ. ಕಲ್ಲು ಮೋಆಬ್‌ನದಕ್ಕಿಂತ ಎಷ್ಟೋ ಹಳೆಯದು, ಗಟ್ಟಿ. ಆದರೂ ರಬ್ಬರ್ ಒಣಕಲ್ಲನ್ನು ಎಷ್ಟು ಕಡಿದಾದ ಜಾಗದವರೆಗೆ ಹಿಡಿಯುತ್ತದೆ ಎಂಬ ಅಂದಾಜು ಪಾದಕ್ಕೆ ಸಿಗುತ್ತದೆ. ಸ್ಮಾರಕದ ಆವರಣದಲ್ಲಿ ಸೈಕಲ್ ಮಾತ್ರ ಬೇಡವೇ ಬೇಡ.

ಅಲ್ಲಿ ತಲುಪಿದ ಮೇಲೆ ದಿನಗಳ ಜೋಡಣೆ. ಮೊದಲ ಸವಾರಿ ಊರಿನ ಉತ್ತರಕ್ಕಿರುವ ಮೋಆಬ್ ಬ್ರ್ಯಾಂಡ್ಸ್ ದಾರಿಗಳಲ್ಲಿ, ಬ್ರೇಕು ಮತ್ತು ಗಾಳಿ ಹೊಂದಿಸಿಕೊಳ್ಳಲು. ಮರುದಿನ ನವಾಹೋ ರಾಕ್ಸ್. ಬಯಲು ಬಂಡೆಯ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏರಿಳಿತ ಹದವಾಗಿದೆ. ಒಂದು ದಿನ ಬಿಡುವು. ಆರ್ಚಸ್ ರಾಷ್ಟ್ರೀಯ ಉದ್ಯಾನ ನೋಡಬಹುದು, ಅಲ್ಲಿ ಸೈಕಲ್ಲಿಗೆ ರಸ್ತೆ ಬಿಟ್ಟು ಬೇರೆ ಕಡೆ ಅವಕಾಶವಿಲ್ಲ. ಆಮೇಲೆ ಸ್ಯಾಂಡ್ ಫ್ಲ್ಯಾಟ್ಸ್‌ನ ಸ್ಲಿಕ್‌ರಾಕ್ ಟ್ರೇಲ್. 1969ರಲ್ಲಿ ಮೋಟರ್‌ಸೈಕಲ್ಲಿಗೆಂದು ಗುರುತು ಹಾಕಿದ ದಾರಿ ಇದು, ಸುಮಾರು 17 ಕಿ.ಮೀ. ಕೇಳಲು ಸಣ್ಣದು, ಮೊದಲ ಸಲಕ್ಕೆ ನಾಲ್ಕರಿಂದ ಐದು ತಾಸು ಹಿಡಿಯುತ್ತದೆ. ಆರಂಭದಲ್ಲಿರುವ ಅಭ್ಯಾಸದ ಸುತ್ತು ಬರೀ ಚಿಕ್ಕದು, ಸುಲಭವೇನಲ್ಲ. ಅದು ಕಷ್ಟವಾದರೆ ಮುಖ್ಯ ಸುತ್ತಿಗೆ ಹೋಗಬೇಡಿ. ಬಂಡೆಯ ಮೇಲೆ ಬಿಳಿ ಬಣ್ಣದ ಗೀರುಗಳೇ ದಾರಿ. ಗೀರು ಕಾಣದಾದರೆ ಅಂದಾಜಿನ ಮೇಲೆ ಮುಂದೆ ಹೋಗದೆ ಕೊನೆಯ ಗೀರಿಗೆ ವಾಪಸು ಬನ್ನಿ. ಮೇಲಿನಿಂದ ಇಳಿಯಬಹುದೆಂದು ಕಾಣುವ ಗುಮ್ಮಟ ಕೆಳಗೆ ಕಡಿದ ಗೋಡೆಯಾಗಿ ಮುಗಿಯುತ್ತದೆ. ನೆಲಕ್ಕೆ ಅಂಟಿದ ಕಪ್ಪು ಉಬ್ಬುಬ್ಬು ಮಣ್ಣಿನ ಮೇಲೆ ಚಕ್ರವನ್ನೂ ಇಡಬೇಡಿ, ಕಾಲನ್ನೂ ಇಡಬೇಡಿ. ಸಯನೋಬ್ಯಾಕ್ಟೀರಿಯಾ ಹೆಣೆದ ಜೀವಂತ ಪದರ ಅದು, ಮರುಭೂಮಿಯ ಮಣ್ಣು ಹಾರಿಹೋಗದಂತೆ ಹಿಡಿದಿರುವುದೇ ಅದು. ಒಂದು ಟೈರಿನ ಗುರುತು ಮಾಯಲು ದಶಕಗಳು ಬೇಕು.

ಹೈಮಾಸಾ ದಾರಿ ಏರಿ ಕ್ಯಾಪ್ಟನ್ ಏಹ್ಯಾಬ್ ದಾರಿ ಇಳಿಯುವುದು, ಪೋರ್ಕುಪೈನ್ ರಿಮ್‌ಗೆ ಬಾಡಿಗೆ ವ್ಯಾನಿನಲ್ಲಿ ಹೋಗುವುದು ಆಮೇಲಿನ ಮಾತು. ಇವೆರಡರ ನಡುವೆ ಇನ್ನೊಂದು ಬಿಡುವಿನ ದಿನ ಇಡಿ. ಹೋಲ್ ಎಂಚಿಲಾಡಾ ಎಂಬ ಉದ್ದ ಇಳಿದಾರಿಯನ್ನು ಪೂರ್ತಿ ಮಾಡುವವರು ಸುಮಾರು 3,400 ಮೀಟರಿನ ಬರೋ ಪಾಸ್‌ನಿಂದ ಶುರುಮಾಡಿ ಕೊಲರಾಡೊ ನದಿಯವರೆಗೆ 2,100 ಮೀಟರಿಗೂ ಹೆಚ್ಚು ಇಳಿಯುತ್ತಾರೆ. ಪುಣೆ ಇರುವುದು 560 ಮೀಟರಿನಲ್ಲಿ, ಆದ್ದರಿಂದ ಮೇಲಿನ ಏರಿನಲ್ಲಿ ಏದುಸಿರು ಬರುತ್ತದೆ, ನಿಧಾನ ಹೋಗಿ. ವಸಂತದಲ್ಲಿ ಮೇಲೆ ಹಿಮವಿರುವುದರಿಂದ ವ್ಯಾನು ಅರ್ಧಕ್ಕೇ ಇಳಿಸುತ್ತದೆ.

ನೀರು ಅರ್ಧ ದಿನಕ್ಕೆ ತಲಾ ಮೂರು ಲೀಟರ್, ಬಿಸಿಲಿದ್ದರೆ ನಾಲ್ಕು. ಸ್ಯಾಂಡ್ ಫ್ಲ್ಯಾಟ್ಸ್‌ನಲ್ಲಿ ನೀರಿನ ನಲ್ಲಿ ಇಲ್ಲ, ಊರಿನಿಂದಲೇ ತುಂಬಿಸಿಕೊಳ್ಳಬೇಕು. ಮುಂಬೈಯ ಸೆಕೆಯಲ್ಲಿ ಅಂಗಿ ಒದ್ದೆಯಾಗಿ ಬೆವರು ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿ ಬೆವರು ಬಂದಲ್ಲೇ ಆರುತ್ತದೆ, ಚರ್ಮದ ಮೇಲೆ ಉಪ್ಪು ಉಳಿದಾಗಲೇ ಗೊತ್ತಾಗುವುದು. ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರುತ್ತವೆ. ಇಲ್ಲಿನ ಔಷಧಿ ಅಂಗಡಿಯ ಒಆರ್‌ಎಸ್ ಪೊಟ್ಟಣ ದಿನಕ್ಕೆ ಎರಡರಂತೆ ಒಯ್ಯಿರಿ, ಒಂದನ್ನು ಒಂದು ಲೀಟರಿಗೆ ಕಲಸಿ. ಲೋನಾವಳಾದ ಶೇಂಗಾ ಚಿಕ್ಕಿ ಜೇಬಿನ ಆಹಾರಕ್ಕೆ ಬಹಳ ಒಳ್ಳೆಯದು, ಬಿಸಿಲಿಗೆ ಚಾಕೊಲೇಟಿನಂತೆ ಕರಗುವುದಿಲ್ಲ. ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣವೇ ಇರಲಿ, ಕಸ್ಟಮ್ಸಿನಲ್ಲಿ ತಿಂಡಿ ಇದೆಯೆಂದು ಹೇಳಿಬಿಡಿ.

ಚೀಲದಲ್ಲಿ ಇನ್ನೇನು: ಟ್ಯೂಬ್ ಒಂದು, ಪ್ಲಗ್, ಚೈನಿನ ಕ್ವಿಕ್‌ಲಿಂಕ್ ಎರಡು, ಆ ಸೈಕಲ್ಲಿನ ಡಿರೇಲರ್ ಹ್ಯಾಂಗರ್ (ಹಿಂದೆ ಗೇರು ಬದಲಿಸುವ ಸಾಧನ ತೂಗುವ ಕೊಕ್ಕೆ), ಬ್ರೇಕ್ ಪ್ಯಾಡ್ ಒಂದು ಜೊತೆ. ಮರಳು ಪ್ಯಾಡನ್ನು ಬೇಗ ತಿನ್ನುತ್ತದೆ. ತಗಡಿನ ಮೇಲಿನ ಪದರ ಒಂದು ಮಿ.ಮೀ.ಗೆ ಇಳಿದರೆ ಬದಲಿಸಿ. ಬಿದ್ದಾಗ ಆ ಕಲ್ಲು ಚರ್ಮವನ್ನು ಹೆರೆದು ತೆಗೆಯುತ್ತದೆ, ದೊಡ್ಡ ಅಂಟದ ಪಟ್ಟಿ ಮತ್ತು ತೊಳೆಯಲು ನೀರು ಪ್ರತ್ಯೇಕ ಇರಲಿ.

ದಾರಿಯ ಬಹುಭಾಗದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನಕ್ಷೆ ಮೊದಲೇ ಇಳಿಸಿಕೊಳ್ಳಿ. ಉಪಗ್ರಹ ಸಂದೇಶ ಸಾಧನ ಬೇಕಿದ್ದರೆ ಅಲ್ಲೇ ಬಾಡಿಗೆಗೆ ತೆಗೆದುಕೊಂಡು ಅಲ್ಲೇ ವಾಪಸು ಕೊಡಿ. ಕೊಂಡು ಮನೆಗೆ ತರಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಪ್ರವಾಸ ವಿಮೆಯ ಹೊರಗಿಟ್ಟವುಗಳ ಪಟ್ಟಿಯನ್ನು ಸಾಲು ಸಾಲು ಓದಿ. ಸಾಹಸ ಕ್ರೀಡೆ ಎಂದು ಬರೆದು ಪರ್ವತ ಸೈಕಲ್ಲನ್ನು ಬಿಟ್ಟಿದ್ದರೆ ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಳ್ಳಿ, ಹೆಲಿಕಾಪ್ಟರಿನಲ್ಲಿ ಸಾಗಿಸುವ ಖರ್ಚು ಒಳಗೊಂಡಿದೆ ಎಂದು ಬರವಣಿಗೆಯಲ್ಲೇ ಪಡೆಯಿರಿ. ಆ ಕಾಗದದ ಒಂದು ಪ್ರತಿ ನೀರಿನ ಚೀಲದಲ್ಲಿ, ಇನ್ನೊಂದು ಆ ದಿನ ಸವಾರಿಗೆ ಬಾರದೆ ಕೋಣೆಯಲ್ಲಿ ಉಳಿದವರ ಕೈಯಲ್ಲಿ. ಅದರ ಜೊತೆಗೇ ಯಾವ ದಾರಿ, ಎಷ್ಟು ಗಂಟೆಗೆ ವಾಪಸು, ಎಷ್ಟು ಹೊತ್ತು ಕಾದು 911ಕ್ಕೆ ಕರೆ ಮಾಡಬೇಕು ಎಂದು ಬರೆದ ಚೀಟಿ.